ಮಾರ್ಕೆಟಿಂಗ್ ಸೇವೆಯ ಫ್ರಾಂಚೈಸಿ: ಸಹಿ ಹಾಕುವ ಮುನ್ನ ನೋಡಬೇಕಾದ ಖರ್ಚು ಮತ್ತು ಕರಾರು

ಜವಳಿ ಅಂಗಡಿ, ಚಿನ್ನಾಭರಣದ ಮಳಿಗೆ, ನರ್ಸಿಂಗ್ ಹೋಮ್, ಕೋಚಿಂಗ್ ಸೆಂಟರ್, ಹೊಸ ಬಡಾವಣೆಯ ನಿವೇಶನ ಮಾರುವವರು ಮುಂತಾದವರ ಫೇಸ್‌ಬುಕ್ ಪುಟ, ಗೂಗಲ್ ಜಾಹೀರಾತು, ಎಸ್ಸೆಮ್ಮೆಸ್ ಪ್ರಚಾರಗಳನ್ನು ನೋಡಿಕೊಳ್ಳುವ ಕಚೇರಿಯೊಂದನ್ನು ತುಮಕೂರಿನಲ್ಲಿ ತೆರೆಯಬೇಕೆನ್ನುವವರಿಗೆ, ಹೆಸರಿರುವ ಕಂಪನಿಯೊಂದರ ಫ್ರಾಂಚೈಸಿ ಪಡೆಯುವುದು ಸುಲಭದ ದಾರಿಯಾಗಿ ಕಾಣುತ್ತದೆ. ಆದರೆ ಇಲ್ಲಿ ಹಣಕ್ಕೆ ಪ್ರತಿಯಾಗಿ ಯಂತ್ರವಾಗಲಿ ಸರಕಾಗಲಿ ಬರುವುದಿಲ್ಲ. ಹೆಸರನ್ನು ಬಳಸುವ ಹಕ್ಕು, ಸಾಫ್ಟ್‌ವೇರ್‌ನ ಲಾಗಿನ್, ಕೆಲವು ದಿನಗಳ ತರಬೇತಿ ಮತ್ತು ದೂರದ ಊರಿನ ಡಿಸೈನ್ ತಂಡದ ನೆರವು ಮಾತ್ರ ಸಿಗುತ್ತವೆ. ಇವೆಲ್ಲವೂ ಕರಾರಿನ ಮಾತಿನ ಮೇಲೆಯೇ ನಿಂತಿರುವುದರಿಂದ, ಖರ್ಚಿನ ಪಟ್ಟಿಯನ್ನು ನೋಡುವಷ್ಟೇ ಗಮನದಿಂದ ಕರಾರನ್ನೂ ಓದಬೇಕಾಗುತ್ತದೆ.

ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. 1872ರ ಕರಾರು ಕಾಯ್ದೆ ಮತ್ತು 1999ರ ಟ್ರೇಡ್‌ಮಾರ್ಕ್ ಕಾಯ್ದೆಗಳೇ ಮುಖ್ಯ ಆಧಾರ. ಅಮೆರಿಕದಲ್ಲಿ ಫ್ರಾಂಚೈಸಿ ಮಾರುವವರು 23 ಅಂಶಗಳ ಮಾಹಿತಿ ದಾಖಲೆಯನ್ನು ಸಹಿಗೆ ಅಥವಾ ಹಣ ಪಡೆಯುವುದಕ್ಕೆ ಕನಿಷ್ಠ 14 ದಿನ ಮೊದಲೇ ಕೊಡಬೇಕೆಂಬ ನಿಯಮವಿದೆ. ನಮ್ಮಲ್ಲಿ ಅಂಥ ಕಡ್ಡಾಯವಿಲ್ಲ. ಆದ್ದರಿಂದ ಅದೇ ಬಗೆಯ ಮಾಹಿತಿಯನ್ನು ಕೊಳ್ಳುವವರೇ ಪತ್ರ ಬರೆದು ಕೇಳಬೇಕು: ಕಳೆದ ಮೂರು ವರ್ಷಗಳಲ್ಲಿ ಎಷ್ಟು ಫ್ರಾಂಚೈಸಿಗಳು ಆರಂಭವಾದವು, ಎಷ್ಟು ಮುಚ್ಚಿದವು, ಮುಚ್ಚಿದವರ ಫೋನ್ ಸಂಖ್ಯೆ ಕೊಡುವಿರಾ, ಕಂಪನಿಯ ಮೇಲೆ ಯಾವ ದಾವೆಗಳಿವೆ. ನಡೆಸುತ್ತಿರುವವರಿಗಿಂತ ಬಿಟ್ಟುಹೋದವರ ಮಾತು ಹೆಚ್ಚು ಉಪಯುಕ್ತ. ಕೊಡುವ ಉತ್ತರವನ್ನು ತಾಳೆ ನೋಡುವುದೂ ಕಷ್ಟವಲ್ಲ. ಟ್ರೇಡ್‌ಮಾರ್ಕ್ ನೋಂದಣಿ ಇಲಾಖೆಯ ಜಾಲತಾಣದಲ್ಲಿ ಜಾಹೀರಾತು ಸೇವೆಗಳಿಗೆ ಸೇರಿದ 35ನೇ ವರ್ಗದಲ್ಲಿ ಆ ಹೆಸರು ನೋಂದಣಿಯಾಗಿದೆಯೇ ಅಥವಾ ಬರೀ ಅರ್ಜಿಯಾಗಿದೆಯೇ ಎಂಬುದು ತಿಳಿಯುತ್ತದೆ. ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅಲ್ಪ ಶುಲ್ಕ ಕಟ್ಟಿದರೆ ಅದರ ಲೆಕ್ಕಪತ್ರ ಸಿಗುತ್ತದೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿ ಮೊಕದ್ದಮೆಗಳನ್ನು ಹುಡುಕಬಹುದು. ಕಂಪನಿಯ ಆದಾಯದಲ್ಲಿ ಹೆಚ್ಚಿನ ಪಾಲು ಹೊಸಬರು ಕಟ್ಟುವ ಆರಂಭಿಕ ಶುಲ್ಕದಿಂದಲೇ ಬರುತ್ತಿದ್ದು, ಫ್ರಾಂಚೈಸಿಗಳು ತಮ್ಮ ಆದಾಯದಿಂದ ತಿಂಗಳು ತಿಂಗಳು ಕೊಡುವ ರಾಯಲ್ಟಿಯ ಪಾಲು ಅಲ್ಪವಾಗಿದ್ದರೆ, ಹಳೆಯ ಫ್ರಾಂಚೈಸಿಗಳು ಚೆನ್ನಾಗಿ ನಡೆಯುತ್ತಿಲ್ಲವೆಂದೇ ನಾನು ತಿಳಿಯುತ್ತೇನೆ.

ಇನ್ನು ಖರ್ಚು. ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿರುವ ಆರಂಭಿಕ ಶುಲ್ಕದ ಬಗ್ಗೆಯೇ ಎಲ್ಲರೂ ಚೌಕಾಸಿ ಮಾಡುತ್ತಾರೆ. ಹೊರೆಯಾಗುವುದು ಮಾತ್ರ ರಾಯಲ್ಟಿಯ ತಿಂಗಳ ಕನಿಷ್ಠ ಕಂತು. ಲೆಕ್ಕಕ್ಕೆಂದು ಕಲ್ಪಿಸಿಕೊಂಡ ಒಂದು ಉದಾಹರಣೆ ನೋಡೋಣ. ಶುಲ್ಕ 4 ಲಕ್ಷ ರೂಪಾಯಿ ಎಂದಾದರೆ, ಶೇ 18ರ ಜಿಎಸ್‌ಟಿ ಸೇರಿ 4,72,000 ರೂಪಾಯಿ ಕಟ್ಟಬೇಕು. ರಾಯಲ್ಟಿ ಆದಾಯದ ಶೇ 10, ಆದರೆ ತಿಂಗಳಿಗೆ ಕನಿಷ್ಠ 15,000 ಎಂದಿದೆ ಎನ್ನಿ. ಸಾಫ್ಟ್‌ವೇರ್‌ಗೆ 8,000, ಬಾಡಿಗೆ 12,000, ಇಬ್ಬರು ಕೆಲಸದವರ ಸಂಬಳ 36,000, ಕರೆಂಟು, ಇಂಟರ್ನೆಟ್, ಪೆಟ್ರೋಲ್ ಇತ್ಯಾದಿಗೆ 6,000. ಒಟ್ಟು ತಿಂಗಳಿಗೆ 77,000 ರೂಪಾಯಿ. ಗ್ರಾಹಕರೊಬ್ಬರಿಂದ ತಿಂಗಳಿಗೆ 10,000 ರೂಪಾಯಿ ಸೇವಾಶುಲ್ಕ ಬಂದರೂ ಎಂಟು ಗ್ರಾಹಕರಾದಾಗ ಮಾಲೀಕರ ಕೈಯಲ್ಲಿ ಉಳಿಯುವುದು 3,000. ಆ ಹಂತದಲ್ಲಿ ಶೇ 10 ಎಂದು ಹೇಳಿದ ರಾಯಲ್ಟಿಯು ವಾಸ್ತವದಲ್ಲಿ ಶೇ 18.75 ಆಗಿರುತ್ತದೆ, ಹದಿನೈದು ಗ್ರಾಹಕರಾಗುವವರೆಗೂ ಕನಿಷ್ಠ ಕಂತೇ ಕಾಡುತ್ತದೆ. ಮೊದಲ ಆರು ತಿಂಗಳ ಖರ್ಚಿಗೆಂದು ಎತ್ತಿಡಬೇಕಾದ 4,62,000 ರೂಪಾಯಿ ತೆರಿಗೆ ಬಿಟ್ಟ ಆರಂಭಿಕ ಶುಲ್ಕಕ್ಕಿಂತ ಹೆಚ್ಚೆಂಬುದನ್ನು ಗಮನಿಸಿ. ಮುದ್ರಾ ಯೋಜನೆಯಡಿ ಆಸ್ತಿ ಅಡಮಾನವಿಲ್ಲದೆ 10 ಲಕ್ಷದವರೆಗೆ ಸಾಲ ಸಿಗಬಹುದಾದರೂ, ಅದರ ಕಂತನ್ನೂ ಇದೇ ಪಟ್ಟಿಗೆ ಸೇರಿಸಬೇಕು.

ರಾಯಲ್ಟಿ ಎಷ್ಟು ಎನ್ನುವುದಕ್ಕಿಂತ ಯಾವುದರ ಮೇಲೆ ಎನ್ನುವ ಪ್ರಶ್ನೆ ದೊಡ್ಡದು. ಗ್ರಾಹಕರು 50,000 ರೂಪಾಯಿ ಕೊಟ್ಟು, ಅದರಲ್ಲಿ 38,000 ಗೂಗಲ್‌ಗೋ ಫೇಸ್‌ಬುಕ್‌ಗೋ ನೇರವಾಗಿ ಹೋಗಿ, ನಿಮ್ಮ ಸೇವಾಶುಲ್ಕವಾಗಿ 12,000 ಉಳಿಯಿತೆನ್ನಿ. ಕರಾರಿನಲ್ಲಿ ‘ಒಟ್ಟು ಬಿಲ್ಲಿನ ಶೇ 10’ ಎಂದಿದ್ದರೆ ರಾಯಲ್ಟಿ 5,000. ‘ಸೇವಾಶುಲ್ಕದ ಶೇ 10’ ಎಂದಿದ್ದರೆ 1,200. ಮೊದಲನೆಯದಕ್ಕೆ ಒಪ್ಪಿದವರು ದುಡಿಮೆಯ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚನ್ನು ಒಪ್ಪಿಸಿದಂತೆ. ಜಾಹೀರಾತಿಗೆ ವ್ಯಯವಾಗುವ ಹಣ, ಮುದ್ರಣ, ಹೋರ್ಡಿಂಗ್ ಬಾಡಿಗೆ, ಜಿಎಸ್‌ಟಿ ಇವನ್ನು ಕಳೆದ ಮೇಲೆ ಉಳಿಯುವ ಮೊತ್ತವೇ ರಾಯಲ್ಟಿಗೆ ಆಧಾರವೆಂದು ಕರಾರಿನಲ್ಲಿ ಬರೆಸಿಕೊಳ್ಳಬೇಕು. ಜೊತೆಗೆ ರಾಯಲ್ಟಿಯನ್ನು ಬಿಲ್ಲು ಮಾಡಿದಾಗ ಕೊಡಬೇಕೇ, ವಸೂಲಾದಾಗ ಕೊಡಬೇಕೇ ಎಂಬುದನ್ನೂ ನೋಡಬೇಕು. ಗ್ರಾಹಕರು ತಡಮಾಡಿದರೂ ಜಿಎಸ್‌ಟಿಯನ್ನು ಬಿಲ್ಲಿನ ಪ್ರಕಾರ ಕಟ್ಟಲೇಬೇಕಾಗಿರುವಾಗ ರಾಯಲ್ಟಿಯೂ ಅದೇ ದಾರಿ ಹಿಡಿದರೆ ದುಡಿಯುವ ಬಂಡವಾಳ ಕರಗುತ್ತದೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇದ್ದರೆ 2006ರ ಎಂಎಸ್‌ಎಂಇ ಕಾಯ್ದೆಯಡಿ ಲಿಖಿತ ಒಪ್ಪಂದದ ಬಾಕಿಯನ್ನು ಗರಿಷ್ಠ 45 ದಿನಗಳಲ್ಲಿ ಪಡೆಯುವ ಹಕ್ಕಿದೆ. ಆದರೆ ದಿನವೂ ಎದುರಾಗುವ ಅಂಗಡಿ ಯಜಮಾನರ ಮೇಲೆ ಯಾರೂ ದೂರು ಕೊಡುವುದಿಲ್ಲ. ತಿಂಗಳ ಮೊದಲೇ ಮುಂಗಡ ಪಡೆಯುವ ಪದ್ಧತಿಯೇ ವಾಸಿ.

ಜಿಎಸ್‌ಟಿ ನೋಂದಣಿಯ ಬಗ್ಗೆ ಒಂದು ಮಾತು. ಸೇವೆಗಳಿಗೆ ವಾರ್ಷಿಕ ವಹಿವಾಟು 20 ಲಕ್ಷ ಮೀರದಿದ್ದರೆ ನೋಂದಣಿ ಸಾಮಾನ್ಯವಾಗಿ ಕಡ್ಡಾಯವಲ್ಲ ಎಂದು ಅದನ್ನು ಮುಂದೂಡುವವರಿದ್ದಾರೆ. ಮೇಲಿನ ಉದಾಹರಣೆಯಲ್ಲಿ ಶುಲ್ಕದ ಮೇಲೆ ಕಟ್ಟಿದ 72,000 ರೂಪಾಯಿ ತೆರಿಗೆಯನ್ನು ಜಮೆಯಾಗಿ ಪಡೆದು, ಮುಂದೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬೇಕಾದರೆ ಹಣ ಕಟ್ಟುವ ಮೊದಲೇ ನೋಂದಣಿಯಾಗಿರಬೇಕು, ಏಕೆಂದರೆ ನೋಂದಣಿಗೆ ಮುಂಚೆ ಪಡೆದ ಸೇವೆಯ ತೆರಿಗೆಗೆ ಜಮೆ ಸಿಗುವುದಿಲ್ಲ. ಮಹಾನಗರ ಪಾಲಿಕೆಯ ವ್ಯಾಪಾರ ಪರವಾನಗಿ ಮತ್ತು ಅಂಗಡಿ ಕಾಯ್ದೆಯ ನೋಂದಣಿಯ ಕೆಲಸಗಳನ್ನು ಲೆಕ್ಕ ಪರಿಶೋಧಕರಿಗೆ ವಹಿಸಬಹುದು. ಸಾಮೂಹಿಕ ಎಸ್ಸೆಮ್ಮೆಸ್ ಸೇವೆ ಮಾರುವುದಾದರೆ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಕಳುಹಿಸುವವರ ಹೆಸರು ಮತ್ತು ಸಂದೇಶದ ಮಾದರಿಗಳ ಡಿಎಲ್‌ಟಿ ನೋಂದಣಿ ಮಾಡಿಸುವ ಹೊಣೆ ಯಾರದೆಂಬುದು ಕರಾರಿನಲ್ಲಿರಲಿ.

ವ್ಯಾಪ್ತಿಪ್ರದೇಶದ ಕಲಮು ನಮ್ಮ ಊರಿನವರನ್ನು ವಿಶೇಷವಾಗಿ ಕಾಡುತ್ತದೆ. ‘ತುಮಕೂರು ಜಿಲ್ಲೆ ನಿಮ್ಮದು’ ಎಂದು ಬರೆದುಕೊಟ್ಟರೂ, ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆಯಿದ್ದು ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಗ್ರಾಹಕರು ಯಾರಿಗೆ ಸೇರುತ್ತಾರೆ? ಬೆಂಗಳೂರಿನ ಫ್ರಾಂಚೈಸಿ ಸುಮಾರು ನೂರ ನಲವತ್ತು ಕಿಲೋಮೀಟರ್ ದೂರದಿಂದಲೇ ತಿಪಟೂರಿನ ಕೊಬ್ಬರಿ ವರ್ತಕರಿಗೆ ಆನ್‌ಲೈನ್‌ನಲ್ಲಿ ಸೇವೆ ಕೊಟ್ಟರೆ ನಿಮಗೇನು ಸಿಗುತ್ತದೆ? ಕಂಪನಿಯೇ ನೇರವಾಗಿ ಗ್ರಾಹಕರನ್ನು ಹಿಡಿಯಬಹುದೇ? ಬಿಲ್ಲಿನ ವಿಳಾಸವೋ, ವ್ಯಾಪಾರ ನಡೆಯುವ ಜಾಗವೋ, ಯಾವುದನ್ನು ಪರಿಗಣಿಸಬೇಕೆಂದು ಬರೆಯದ ಜಿಲ್ಲಾ ಹಕ್ಕಿಗೆ ಬೆಲೆಯಿಲ್ಲ.

ಡಿಸೈನ್ ತಂಡದ ಕೆಲಸವನ್ನು ಕೊಳ್ಳುವ ಮುನ್ನವೇ ಪರೀಕ್ಷಿಸಿ. ದಿಲ್ಲಿಯಲ್ಲೋ ಗುರುಗ್ರಾಮದಲ್ಲೋ ಕುಳಿತು ಮಾಡಿದ ಹಬ್ಬದ ಪಟ್ಟಿಯಲ್ಲಿ ಕರ್ವಾ ಚೌತ್ ಇದ್ದು ವರಮಹಾಲಕ್ಷ್ಮಿ ಇಲ್ಲದಿದ್ದರೆ ಅದನ್ನು ಅಶೋಕ ರಸ್ತೆಯ ಸೀರೆ ಅಂಗಡಿಯವರಿಗೆ ಕೊಂಡೊಯ್ಯುವುದು ಹೇಗೆ? ಒತ್ತಕ್ಷರ ಒಡೆದ ಕನ್ನಡವನ್ನು ತಿದ್ದಲು ಸ್ಥಳೀಯ ಬರಹಗಾರರನ್ನು ಇಟ್ಟುಕೊಂಡರೆ ಆ ಸಂಬಳವೂ ನಿಮ್ಮದೇ. ಕನ್ನಡದ ಪೋಸ್ಟರ್‌ಗಳ ಮಾದರಿಯನ್ನು ಕೇಳಿ ಪಡೆಯಿರಿ, ತಿದ್ದುಪಡಿಗೆ ಎಷ್ಟು ಗಂಟೆ ಬೇಕಾಗುತ್ತದೆಂದು ಬರೆಸಿ.

ಕರಾರು ಮುಗಿದಾಗ ಏನಾಗುತ್ತದೆ ಎಂಬುದನ್ನು ಆರಂಭದಲ್ಲೇ ಕೇಳಲು ಹೆಚ್ಚಿನವರು ಸಂಕೋಚಪಡುತ್ತಾರೆ. ಆದರೆ ಈ ವ್ಯವಹಾರದಲ್ಲಿ ಇರುವ ಆಸ್ತಿಯೆಂದರೆ ಗ್ರಾಹಕರು ಮತ್ತು ಅವರ ಜಾಹೀರಾತು ಖಾತೆಗಳು. ಗ್ರಾಹಕರ ಜೊತೆಗಿನ ಒಪ್ಪಂದ ಯಾರ ಹೆಸರಿನಲ್ಲಿದೆ, ಗೂಗಲ್ ಜಾಹೀರಾತು ಖಾತೆಯ ಒಡೆತನ ಗ್ರಾಹಕರದೋ ಕಂಪನಿಯದೋ, ಐದು ವರ್ಷದ ನಂತರ ನವೀಕರಣಕ್ಕೆ ಎಷ್ಟು ಶುಲ್ಕ, ಇನ್ನೊಬ್ಬರಿಗೆ ಮಾರಲು ಅನುಮತಿ ಇದೆಯೇ, ಇವೆಲ್ಲ ಸ್ಪಷ್ಟವಾಗಿರಬೇಕು. ಕರಾರು ನಡೆಯುತ್ತಿರುವಾಗ ಪೈಪೋಟಿಯ ವ್ಯವಹಾರ ಮಾಡಬಾರದೆಂಬ ನಿರ್ಬಂಧ ಕಾನೂನಿನ ಮುಂದೆ ನಿಲ್ಲುತ್ತದೆಂದು 1995ರ ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕರಾರು ಮುಗಿದ ಮೇಲೂ ಆ ವೃತ್ತಿಯನ್ನೇ ಮಾಡಬಾರದೆಂಬ ನಿರ್ಬಂಧ ಮಾತ್ರ ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಹಾಗೆಂದು ಅದನ್ನು ನಿರ್ಲಕ್ಷಿಸಿ ಸಹಿ ಹಾಕುವುದು ಜಾಣತನವಲ್ಲ. ನಿಲ್ಲದ ಕಲಮಿಗೂ ವಕೀಲರ ಫೀಸು ತಗಲುತ್ತದೆ.

ವ್ಯಾಜ್ಯ ಬಂದರೆ ಪಂಚಾಯ್ತಿದಾರಿಕೆ (ಕೋರ್ಟಿನ ಹೊರಗೆ ಮಧ್ಯಸ್ಥರು ತೀರ್ಪು ಕೊಡುವ ಆರ್ಬಿಟ್ರೇಷನ್) ದಿಲ್ಲಿಯಲ್ಲಿ ಅಥವಾ ಮುಂಬಯಿಯಲ್ಲಿ ನಡೆಯಬೇಕೆಂಬ ಕಲಮಿದ್ದರೆ ಬೆಂಗಳೂರಿಗೆ ಬದಲಿಸಲು ಕೇಳಿ. ಭದ್ರತೆಗೆಂದು ದಿನಾಂಕವಿಲ್ಲದ ಚೆಕ್ಕುಗಳನ್ನು ಕೇಳುವವರಿಗೆ ಕೊಡಬೇಡಿ. ಅವು ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಕ್ರಿಮಿನಲ್ ಪ್ರಕರಣವಾಗಬಹುದು. ಅದರ ಬದಲು ಹಿಂದಿರುಗಿಸಬಹುದಾದ ಠೇವಣಿ ಕೊಡುತ್ತೇನೆಂದು ಹೇಳಬಹುದು. ಪ್ರತಿನಿಧಿ ಬಾಯಲ್ಲಿ ಹೇಳಿದ ‘ಖಚಿತ ಆದಾಯ’, ‘ತಿಂಗಳಿಗೆ ಇಷ್ಟು ಗ್ರಾಹಕರನ್ನು ನಾವೇ ಕೊಡುತ್ತೇವೆ’ ಎಂಬ ಮಾತುಗಳನ್ನು ಕರಾರಿನ ಅನುಬಂಧದಲ್ಲಿ ಬರೆಸಿ, ಏಕೆಂದರೆ ಅಚ್ಚು ಕರಾರುಗಳಲ್ಲಿ ‘ಇದರಲ್ಲಿ ಬರೆದದ್ದೇ ಸಂಪೂರ್ಣ ಒಪ್ಪಂದ’ ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಬರೆಯಲು ಅವರು ಒಪ್ಪದಿದ್ದರೆ ಆ ಆದಾಯವನ್ನು ನಿಮ್ಮ ಲೆಕ್ಕದಿಂದ ಪೂರ್ತಿಯಾಗಿ ತೆಗೆದು ನೋಡಿ. ಚೌಕಾಸಿಗೆ ಕುಳಿತಾಗ ಶುಲ್ಕದಲ್ಲಿ ಐವತ್ತು ಸಾವಿರ ಇಳಿಸುವುದಕ್ಕಿಂತ, ಮೊದಲ ಹನ್ನೆರಡು ತಿಂಗಳು ಕನಿಷ್ಠ ರಾಯಲ್ಟಿಯನ್ನು ಬಿಡಿಸಿಕೊಳ್ಳುವುದು ಹೆಚ್ಚು ಲಾಭದಾಯಕ. ನಮ್ಮ ಉದಾಹರಣೆಯಲ್ಲಿ ಎಂಟು ಗ್ರಾಹಕರಿದ್ದರೂ, ತಿಂಗಳಿಗೆ 15,000ದ ಬದಲು ಶೇ 10ರಂತೆ 8,000 ಮಾತ್ರ ಕಟ್ಟುವುದರಿಂದ, ವರ್ಷಕ್ಕೆ 84,000 ರೂಪಾಯಿ ಉಳಿಯುತ್ತದೆ. ಕರಡು ಕೈಗೆ ಬಂದು, ವಕೀಲರು ಓದುವವರೆಗೆ ‘ಜಿಲ್ಲೆಯನ್ನು ಕಾಯ್ದಿರಿಸಲು’ ಎಂದು ಟೋಕನ್ ಹಣ ಕಟ್ಟಬೇಡಿ.