ಸ್ವಾನುಭವದ ಪ್ರಬಂಧದಲ್ಲಿ ಕುತೂಹಲ: ಕಾಲವನ್ನು ಎಲ್ಲಿ ಮುರಿಯಬೇಕು?

ಸ್ವಂತ ಅನುಭವವನ್ನು ಬರೆಯುವವರಿಗೆ ಕತೆಗಾರರಿಗಿಲ್ಲದ ಒಂದು ತೊಡಕಿದೆ: ಅವರು ಎಲ್ಲವನ್ನೂ ದಾಟಿ ಬಂದಿದ್ದಾರೆಂಬುದು ಓದುಗರಿಗೆ ಮೊದಲೇ ಗೊತ್ತಿರುತ್ತದೆ. ಆದ್ದರಿಂದ ಕುತೂಹಲವನ್ನು, ಅಂದು ತಿಳಿಯದೆ ನಡೆದುಕೊಂಡ ‘ನಾನು’ ಮತ್ತು ಇಂದು ತಿಳಿದು ಬರೆಯುತ್ತಿರುವ ‘ನಾನು’ ಇವರಿಬ್ಬರ ನಡುವಿನ ಅಂತರದಲ್ಲಿ ಹುಡುಕಬೇಕು.

ಮೊದಲು ಘಟನೆಗಳನ್ನು ನಡೆದ ಕ್ರಮದಲ್ಲೇ ಬರೆದುಕೊಳ್ಳಿ. ಅವುಗಳಲ್ಲಿ ಪ್ರಶ್ನೆ ಸ್ಪಷ್ಟವಾಗಿದ್ದು ಉತ್ತರ ಇನ್ನೂ ಸಿಗದಿರುವ ಗಳಿಗೆಯನ್ನು ಆರಿಸಿ, ಅಲ್ಲಿಂದ ಆರಂಭಿಸಿ. 12 ವರ್ಷ ಮಾತು ಬಿಟ್ಟಿದ್ದ ಅಣ್ಣನ ಮನೆಯ ಬಾಗಿಲು ತಟ್ಟಿದ್ದೀರಿ, ಒಳಗಿನಿಂದ ಹೆಜ್ಜೆಯ ಸದ್ದು ಹತ್ತಿರವಾಗುತ್ತಿದೆ ಎಂದುಕೊಳ್ಳೋಣ. ಬಾಗಿಲು ತೆರೆಯುವ ಮೊದಲೇ ಹಿಂದಿನ ಕಾಲಕ್ಕೆ ಹೋಗಿ. ಆ ಭಾಗ ಬರೀ ಹಿನ್ನೆಲೆಯ ಮಾಹಿತಿಯಾದರೆ ಓದುಗರನ್ನು ಸುಮ್ಮನೆ ತಡೆದು ನಿಲ್ಲಿಸಿದಂತಾಗುತ್ತದೆ. ಬಾಗಿಲ ಮುಂದೆ ‘ಅಣ್ಣ ಕ್ಷಮಿಸುವನೇ’ ಎಂದಿದ್ದ ಪ್ರಶ್ನೆ, ಜಗಳದ ದಿನವನ್ನು ಓದಿ ಮರಳುವಷ್ಟರಲ್ಲಿ ‘ಕ್ಷಮೆ ಕೇಳಬೇಕಾದವರು ಯಾರು’ ಎಂದು ಬದಲಾಗಿರಬೇಕು.

ಕನ್ನಡದ ಕ್ರಿಯಾಪದಗಳು ಈ ಕೆಲಸಕ್ಕೆ ಬಹಳ ಒದಗಿಬರುತ್ತವೆ. ನನಗೆ ಅತ್ಯಂತ ಪ್ರಿಯವಾದ ಉಪಾಯವೂ ಇಲ್ಲೇ ಇದೆ. ‘ಅಣ್ಣ ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಶಾಲೆಗೆ ಹೋಗುತ್ತಿದ್ದ’ ಎಂಬಲ್ಲಿ ವರ್ಷಗಳ ರೂಢಿಯಿದೆ. ಅದರ ಬೆನ್ನಿಗೇ ‘ಅಂದು ಒಬ್ಬನೇ ಹೋದ’ ಎಂದರೆ, ಬೇರೆ ಸುಳಿವಿಲ್ಲದೆಯೂ, ಏನೋ ಮುರಿದಿದೆಯೆಂದು ಓದುಗರಿಗೆ ಹೊಳೆಯುತ್ತದೆ. ಆದರೆ ನಮ್ಮ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದ, ವಾಕ್ಯ ಉದ್ದವಾದಷ್ಟೂ ಕಾಲ ಬದಲಾದದ್ದು ತಡವಾಗಿ ತಿಳಿಯುತ್ತದೆ. ಹಾಗಾಗಿ ‘ಅಂದು’, ‘ಅದಕ್ಕೂ ಹಿಂದೆ’ ಎಂಬಂಥ ಪದ ಮೊದಲಲ್ಲೇ ಇರಲಿ. ಹಿಂದಕ್ಕೆ ಹೋಗುವಾಗ ಒಂದೆರಡು ವಾಕ್ಯಗಳಲ್ಲಿ ‘ಹೋಗಿದ್ದೆ’, ‘ಹೇಳಿದ್ದೆ’ ಎಂದು ಬಳಸಿ, ಆಮೇಲೆ ‘ಹೋದೆ’, ‘ಹೇಳಿದೆ’ ರೂಪಗಳಿಗೆ ಬಂದುಬಿಡಿ. ಇಲ್ಲವಾದರೆ ‘ಇದ್ದೆ’ಗಳ ಸಾಲು ಓದನ್ನು ಭಾರವಾಗಿಸುತ್ತದೆ.

ಫ್ರೆಂಚ್ ವಿಮರ್ಶಕ ಜೆರಾರ್ ಜೆನೆಟ್ 1972ರಲ್ಲಿ ಕಥನದ ಕಾಲವನ್ನು ಕ್ರಮ (ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಹೇಳುವುದು), ಅವಧಿ (ಎಷ್ಟು ಕಾಲಕ್ಕೆ ಎಷ್ಟು ಜಾಗ ಕೊಡುವುದು), ಆವರ್ತನ (ನಡೆದದ್ದನ್ನು ಎಷ್ಟು ಸಲ ಹೇಳುವುದು) ಎಂದು ವಿಂಗಡಿಸಿದರು. ಸೈಕಲ್ಲಿನ ಉದಾಹರಣೆ ಆವರ್ತನದ್ದು. ಹೊಸದಾಗಿ ಬರೆಯುವವರು ಕ್ರಮವನ್ನಷ್ಟೇ ಗಮನಿಸಿ ಅವಧಿಯನ್ನು ಮರೆಯುತ್ತಾರೆ. ಮಾತಿಲ್ಲದ 12 ವರ್ಷಗಳನ್ನು ಒಂದೇ ವಾಕ್ಯದಲ್ಲಿ ದಾಟಿ, ಚಿಲಕ ಸರಿಯುವ ಕ್ಷಣಕ್ಕೆ ಇಡೀ ಪರಿಚ್ಛೇದವನ್ನು ಕೊಡಿ.

‘ಅದೇ ಕೊನೆಯ ಭೇಟಿಯೆಂದು ಆಗ ತಿಳಿದಿರಲಿಲ್ಲ’ ಎಂಬಂಥ ಮುನ್ಸೂಚನೆ ಒಂದು ಪ್ರಬಂಧಕ್ಕೆ ಒಮ್ಮೆ ಸಾಕು. ಹೇಳುವ ಕ್ರಮವನ್ನು ಬದಲಿಸಬಹುದು, ಆದರೆ ಕುತೂಹಲ ಹೆಚ್ಚಲೆಂದು ಘಟನೆಗಳು ನಡೆದ ಕ್ರಮವನ್ನೇ ತಿದ್ದಿದರೆ ಓದುಗರಿಗೆ ಮೋಸ ಮಾಡಿದಂತಾಗುತ್ತದೆ. ಮರಳಿ ಬಾಗಿಲಿಗೆ ಬರುವಾಗ ‘ಈಗ ಮತ್ತೆ ಆ ದಿನಕ್ಕೆ ಬರೋಣ’ ಎಂಬ ವಿವರಣೆ ಬೇಡ. ಬಿಟ್ಟುಹೋಗಿದ್ದ ಹೆಜ್ಜೆಯ ಸದ್ದನ್ನೇ ಇನ್ನಷ್ಟು ಹತ್ತಿರದಿಂದ ಕೇಳಿಸಿದರೆ, ತಾವು ಎಲ್ಲಿ ನಿಂತಿದ್ದೇವೆಂಬುದು ಓದುಗರಿಗೆ ತಿಳಿಯುತ್ತದೆ.