ಐದು ಮತ್ತು ಆರನೇ ಮಹಡಿಯ ನಡುವೆ

ಮಧ್ಯಾಹ್ನದ ಮೀಟಿಂಗ್ ಮುಗಿಯುವಷ್ಟರಲ್ಲಿ ನನ್ನೊಳಗಿನ ಮಾತೆಲ್ಲ ಬತ್ತಿಹೋಗಿರುತ್ತದೆ. ಯಾರ ಮೇಲೂ ಮುನಿಸಿಲ್ಲ. ಇನ್ನೊಂದು ಪ್ರಶ್ನೆಗೆ ಉತ್ತರ ಕೊಡುವ ತ್ರಾಣ ಇರುವುದಿಲ್ಲ, ಅಷ್ಟೇ. ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1921ರಲ್ಲೇ ಅಂತರ್ಮುಖಿ, ಬಹಿರ್ಮುಖಿ ಎಂದು ಮನುಷ್ಯರನ್ನು ವಿಂಗಡಿಸಿಟ್ಟಿದ್ದರೂ, ನಾನು ಯಾವ ಕಡೆಯವಳೆಂದು ಗೊತ್ತಾಗಲು ನನಗೆ ನಲವತ್ತು ದಾಟಬೇಕಾಯಿತು.

ಅಂಥ ಹೊತ್ತಿನಲ್ಲಿ ಒಬ್ಬಳೇ ಕೂರಲು ಮೊದಮೊದಲು ಹುಡುಕಿದ್ದು ನಿಶ್ಶಬ್ದವನ್ನು. ಫೋನಿನಲ್ಲಿ ಸದ್ದನ್ನು ಡೆಸಿಬೆಲ್ ಲೆಕ್ಕದಲ್ಲಿ ಅಳೆಯುವ ಆ್ಯಪ್ ಹಾಕಿಕೊಂಡು ಕಚೇರಿಯೆಲ್ಲ ಸುತ್ತಿದೆ (ಈಗ ನೆನೆದರೆ ನಗು). ಖಾಲಿ ಮೀಟಿಂಗ್ ರೂಮು 38 ತೋರಿಸಿತು. ಸರಿ, ಅಲ್ಲೇ ಕೂತೆ. ಆದರೆ ಗಾಜಿನ ಬಾಗಿಲು! ಹಾದುಹೋದವರೆಲ್ಲ ಇಣುಕಿ, "ಫ್ರೀ ಇದ್ದೀರಾ? ಒಂದೇ ನಿಮಿಷ" ಅನ್ನುವವರೇ. ಎ.ಸಿ. ಯಂತ್ರದ ಪಕ್ಕದ ಮೂಲೆಯಲ್ಲಿ 60, ಅಂದರೆ ಇಬ್ಬರು ಎದುರುಬದುರು ಮಾತಾಡುವಷ್ಟು ಸದ್ದು. ಅಲ್ಲಿ ಹತ್ತು ನಿಮಿಷಕ್ಕೇ ತಲೆ ಹಗುರಾಯಿತು. ಅರ್ಥವಾಗುವ ಮಾತು ಕಿವಿಗೆ ಬಿದ್ದರೆ ಮನಸ್ಸು ಬೇಡವೆಂದರೂ ಅದರ ಹಿಂದೆ ಹೋಗುತ್ತದೆ. ಯಂತ್ರದ ಗುಂಯ್ ಎಂಬ ಸದ್ದು ಆ ಮಾತುಗಳನ್ನೇ ಮುಚ್ಚಿಹಾಕುತ್ತದೆ. ಆ್ಯಪ್ ತೆಗೆದುಹಾಕಿದೆ. ಈಗ ಎಲ್ಲಿ ಕೂರುವ ಮುಂಚೆಯೂ ನೋಡಿಕೊಳ್ಳುವುದು ಒಂದೇ: ಇಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಇದ್ದಾರೆಯೇ?

ಗ್ರಂಥಾಲಯ ಒಳ್ಳೆಯದೇ, ಆದರೆ ಪತ್ರಿಕೆ ಓದುವ ಮೇಜಿನ ಹತ್ತಿರ ಬೇಡ. ಕಪಾಟುಗಳ ನಡುವೆ ಹೋಗಬೇಕು, ಪುಸ್ತಕದ ಸಾಲುಗಳು ಸದ್ದು ಹೀರಿಕೊಳ್ಳುತ್ತವೆ. ಸಂಜೆ ಮನೆ ಮುಂದೆ ನಿಲ್ಲಿಸಿದ ಕಾರಿನಲ್ಲೂ ಹತ್ತು ನಿಮಿಷ ಕೂರುತ್ತೇನೆ. ಇದನ್ನು ಮನೆಯವರಿಗೆ ಮೊದಲೇ ಹೇಳಿಡಿ. ನಾನು ಹೇಳಿರಲಿಲ್ಲ; ಗಂಡ ಟಾರ್ಚ್ ಹಿಡಿದು ಬಂದು ಕಿಟಕಿ ತಟ್ಟಿದರು.

ಎಲ್ಲಕ್ಕಿಂತ ನನಗೆ ಒಗ್ಗಿದ್ದು ಕಚೇರಿಯ ಮೆಟ್ಟಿಲು. ಲಿಫ್ಟ್ ಇರುವ ಕಟ್ಟಡದಲ್ಲಿ ಮೇಲಿನ ಮಹಡಿಗಳ ಮೆಟ್ಟಿಲು ಯಾರಿಗೂ ಬೇಡ. ಐದು ಮತ್ತು ಆರನೇ ಮಹಡಿ ನಡುವಿನ ತಿರುವಿನಲ್ಲಿ ಒಂದು ಸಣ್ಣ ಕಿಟಕಿಯಿದೆ. ಗೋಡೆಗೆ ಒರಗಿದರೆ ಬೆನ್ನಿಗೆ ತಣ್ಣನೆಯ ಸಿಮೆಂಟು; ಎದುರಿಗೆ ಕಂಬಿಗಳ ನೆರಳು ಮೆಟ್ಟಿಲ ಮೇಲೆ ಮುರಿದು ಮುರಿದು ಬಿದ್ದಿರುತ್ತದೆ. ಬರಿಗೋಡೆಯಾದ್ದರಿಂದ ಎರಡು ಮಹಡಿ ಕೆಳಗಿನ ಹೆಜ್ಜೆಯೂ ಮೊಳಗುತ್ತದೆ, ಎದ್ದು ಸೆರಗು ಸರಿಮಾಡಿಕೊಳ್ಳಲು ಸಮಯ ಸಿಗುತ್ತದೆ.

ಒಮ್ಮೆ ಮಾತ್ರ ಕೇಳಿಸಲಿಲ್ಲ. ಗುಡಿಸಲು ಬಂದಾಕೆ ಬರಿಗಾಲಲ್ಲಿದ್ದರು. ಕಣ್ಣು ಮುಚ್ಚಿ ಕೂತ ನನ್ನನ್ನು ಕಂಡು ಗಾಬರಿಯಾಗಿ, "ಹುಷಾರಿಲ್ವಾ ಮೇಡಂ?" ಎಂದರು.

"ಇಲ್ಲಮ್ಮ, ಸುಮ್ನೆ ಕೂತಿದ್ದೆ."

ಈಗ ಅವರು ಮೇಲಿನಿಂದ ಗುಡಿಸುತ್ತ ಬಂದು, ನನ್ನ ತಿರುವನ್ನು ಬಿಟ್ಟು, ಕೆಳಗಿನದೆಲ್ಲ ಮುಗಿಸಿ ಆಮೇಲೆ ಅಲ್ಲಿಗೆ ಬರುತ್ತಾರೆ.