ಹೊಸ ಅಗ್ಗದ ಬ್ರಷ್ ಕಟರೋ, ಹಳೆಯ ಗಟ್ಟಿ ಯಂತ್ರವೋ?
ಅಡಿಕೆ ತೋಟದ ಕಳೆ ಹೊಡೆಯಲು ಅಗ್ಗದ ಹೊಸ ಬ್ರಷ್ ಕಟರ್ ಕೊಳ್ಳುವ ಮೊದಲು ಅದೇ ಬೆಲೆಗೆ ಸಿಗುವ ಹಳೆಯ, ಒಳ್ಳೆಯ ಕಂಪನಿಯ ಯಂತ್ರವನ್ನೂ ನೋಡಿ. ಅಗ್ಗದ್ದನ್ನು ತಂದ ನಾನು ಎರಡನೇ ಮಳೆಗಾಲದಲ್ಲಿ ಕೆಟ್ಟ ಕಾರ್ಬುರೇಟರ್‌ಗೆ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಬದಲಿ ಸಿಗದೆ ಅದನ್ನು ಅಟ್ಟಕ್ಕೆ ಹಾಕಿದ್ದೇನೆ.

ಹಳೆಯದನ್ನು ನೋಡಲು ಹೋಗುವಾಗ, ಎಂಜಿನ್ ಮೊದಲೇ ಬಿಸಿ ಮಾಡಿಡಬೇಡಿ ಎಂದು ಮಾರುವವರಿಗೆ ಹೇಳಿ. ತಣ್ಣಗಿದ್ದಾಗಲೇ ನಾಲ್ಕೈದು ಎಳೆತಕ್ಕೆ ಚಾಲೂ ಆಗಬೇಕು. ಹಗ್ಗ ಎಳೆಯುವಾಗ ಕೈಗೆ ಬಿಗಿ ಸಿಗದಿದ್ದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಎಂಜಿನ್ ನಿಲ್ಲಿಸಿ, ಕೈಗವಸು ಹಾಕಿಕೊಂಡು ಬ್ಲೇಡ್ ಅಲುಗಾಡಿಸಿ. ಗೇರ್ ಭಾಗ ಸಡಿಲವಿದ್ದರೆ ಚೌಕಾಸಿಗೂ ನಿಲ್ಲಬೇಡಿ. ಟು ಸ್ಟ್ರೋಕ್ (ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಎಂಜಿನ್) ಆಗಿದ್ದರೆ ಪೆಟ್ರೋಲಿಗೆ ಎಷ್ಟು ಆಯಿಲ್ ಬೆರೆಸುತ್ತಿದ್ದಿರಿ ಎಂದು ಕೇಳಿ. ತಡವರಿಸಿದರೆ ಯಂತ್ರದ ಗತಿ ಗೊತ್ತಾಯಿತು!

ಮನೆಯಂಗಳದಷ್ಟೇ ಹುಲ್ಲಿದ್ದರೆ ಮಾತ್ರ ಹೊಸ ಅಗ್ಗದ್ದೇ ಸಾಕು.